ಎಡತೊರೆಯ ದಾರಿಗಳಲ್ಲಿ ಒಂದು ಹೊಸ ಕಾಯಕ

ಮೈಸೂರಿನಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕಾವೇರಿಯ ಮಡಿಲಿನಲ್ಲಿರುವ ಊರು ಕೃಷ್ಣರಾಜನಗರ. ಇಂದಿನ ಮಕ್ಕಳು ಇದನ್ನು ಕೆ.ಆರ್. ನಗರವೆಂದೇ ಬಲ್ಲರು. ಆದರೆ ನಮ್ಮ ಹಿರಿಯರ ಬಾಯಲ್ಲಿ ಇದರ ಮೂಲ ಹೆಸರಾದ ಎಡತೊರೆ ಇನ್ನೂ ಅಳಿದಿಲ್ಲ. ಹೊಳೆಯ ದಡದಲ್ಲಿ ಅರ್ಕೇಶ್ವರಸ್ವಾಮಿಯ ಸನ್ನಿಧಿಯನ್ನು ಆಶ್ರಯಿಸಿ ಬೆಳೆದಿದ್ದ ಹಳೆಯ ಎಡತೊರೆಗೆ ಕಾವೇರಿಯ ನೆರೆಯ ಬಾಧೆ ತಪ್ಪದಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1920ರ ದಶಕದಲ್ಲಿ, ಸಮೀಪದಲ್ಲಿಯೇ ಹೊಸ ಪಟ್ಟಣವನ್ನು ಯೋಜಿಸಿ ಕಟ್ಟಲಾಯಿತು. ಆ ಮಹಾರಾಜರ ಹೆಸರೇ ಊರಿಗೂ ಬಂದಿತು. ಅಗಲವಾದ, ನೇರವಾದ ಬೀದಿಗಳನ್ನು ನೋಡಿದವರಿಗೆ ಇದು ತಾನಾಗಿ ಬೆಳೆದ ಊರಲ್ಲ, ನಕ್ಷೆ ಬರೆದು ಕಟ್ಟಿದ ಊರು ಎಂಬುದು ಕೂಡಲೇ ತಿಳಿಯುತ್ತದೆ.

ಈ ಸೀಮೆಯಲ್ಲಿಯೇ ಹುಟ್ಟಿ ಬೆಳೆದ ನನಗೆ ಇಲ್ಲಿಯ ಪ್ರತಿಯೊಂದು ದಾರಿಯೂ ಗೊತ್ತು ಎಂಬ ಹೆಮ್ಮೆಯಿತ್ತು. 2024ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಆ ಹೆಮ್ಮೆ ಇಳಿಯಿತು. ನನ್ನ 46ನೆಯ ವಯಸ್ಸಿನಲ್ಲಿ, ಮನೆಮನೆಗೆ ಪೊಟ್ಟಣಗಳನ್ನು ತಲುಪಿಸುವ ಗಾಡಿಯ ಚಾಲಕನಾಗಿ ನಾನು ಕೆಲಸಕ್ಕೆ ಸೇರಿದ ವಾರವದು.

ಸೇರಿದ್ದಕ್ಕೆ ಕಾರಣವನ್ನು ಮುಚ್ಚಿಡಬೇಕಾದುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು. ನಮ್ಮ ಎರಡು ಎಕರೆ ಗದ್ದೆಯ ಭತ್ತ ಕೈಗೆ ಬರಲಿಲ್ಲ. ಮರುವರ್ಷ ಮಳೆ ಚೆನ್ನಾಗಿ ಆಗಿ ಬೆಳೆಯೇನೋ ಬಂದಿತು. ಆದರೆ ಹಿಂದಿನ ವರ್ಷದ ಸಾಲ ಮಳೆಯ ಜೊತೆಯಲ್ಲಿ ಹರಿದುಹೋಗುವಂಥದಲ್ಲ. ಮಗಳು ಮೈಸೂರಿನಲ್ಲಿ ಓದುತ್ತಿದ್ದಳು. ಗೊಬ್ಬರ, ಸೊಪ್ಪು ಸಾಗಿಸಲೆಂದು ಕೊಂಡಿದ್ದ ಸಣ್ಣ ಸರಕು ಗಾಡಿ ಮನೆಯ ಮುಂದೆ ಸುಮ್ಮನೆ ನಿಂತಿತ್ತು. ಪೊಟ್ಟಣ ಹಂಚುವ ಗುತ್ತಿಗೆದಾರರೊಬ್ಬರು ಗಾಡಿಯೊಡನೆ ಬರುವವರನ್ನು ಹುಡುಕುತ್ತಿದ್ದಾರೆಂದು ತಿಳಿದು ಹೋಗಿ ಕೇಳಿದೆ. ಒಂದು ಪೊಟ್ಟಣ ತಲುಪಿಸಿದರೆ 14 ರೂಪಾಯಿ, ಡೀಸೆಲ್ ನಮ್ಮದೇ. ತಲುಪಿಸದೆ ಹಿಂದಕ್ಕೆ ತಂದದ್ದಕ್ಕೆ ಏನೂ ಇಲ್ಲ.

ಮನೆಯಲ್ಲಿ ತಂದೆಯವರಿಗೆ ಇದು ಹಿಡಿಸಲಿಲ್ಲ. "ಗದ್ದೆ ಇರುವವನು ಬೇರೆಯವರ ಗಂಟು ಹೊತ್ತು ಬಾಗಿಲು ಬಾಗಿಲು ತಟ್ಟುವುದೇ?" ಎಂದರು. ತಾಯಿಯವರು ಮೊರದಲ್ಲಿ ಅಕ್ಕಿ ಕೇರುತ್ತಿದ್ದವರು ತಲೆಯೆತ್ತದೆಯೇ, "ಅಂಬಿಗರ ಚೌಡಯ್ಯನವರು ಜನರನ್ನು ಹೊಳೆ ದಾಟಿಸಿದರು, ಮಡಿವಾಳ ಮಾಚಯ್ಯನವರು ಬಟ್ಟೆಯ ಗಂಟನ್ನು ಹೊತ್ತರು. ಅವರಿಗಿಲ್ಲದ ನಾಚಿಕೆ ನಮ್ಮ ಮನೆಗೆ ಎಲ್ಲಿಂದ ಬಂದಿತು?" ಎಂದರು. ತಂದೆಯವರು ಮರುಮಾತಾಡಲಿಲ್ಲ. ಒಪ್ಪಿದರೆಂದೂ ಹೇಳಲಾರೆ.

ಮೊದಲನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಗೋದಾಮಿನಲ್ಲಿದ್ದೆ. ರಾತ್ರಿ ಮೈಸೂರಿನಿಂದ ಬಂದ ಲಾರಿಯ ಚೀಲಗಳನ್ನು ನೆಲಕ್ಕೆ ಸುರಿದಿದ್ದರು. ಬಟ್ಟೆ, ಚಪ್ಪಲಿ, ಮಿಕ್ಸಿಯ ಜಾಡಿ, ಶಾಲೆಯ ಪುಸ್ತಕ, ಪಂಪ್‌ಸೆಟ್ಟಿನ ಬಿಡಿಭಾಗ ಹೀಗೆ ಒಂದು ತಾಲ್ಲೂಕಿನ ಜನರ ಬೇಕುಗಳೆಲ್ಲ ಅಲ್ಲಿ ರಾಶಿಯಾಗಿ ಬಿದ್ದಿದ್ದವು. ಪ್ರತಿಯೊಂದರ ಗೆರೆಗುರುತನ್ನು ಮೊಬೈಲಿನಿಂದ ಓದಿಸಿ, ದಾರಿಗಳಿಗೆ ತಕ್ಕಂತೆ ವಿಂಗಡಿಸಿ, ಗಾಡಿಗೆ ತುಂಬಬೇಕು. ನನ್ನ ಪಾಲಿಗೆ ಬಂದವು 62. ನಾನು ಕೈಗೆ ಸಿಕ್ಕಂತೆ ತುಂಬಿದೆ. ಕೊನೆಯಲ್ಲಿ ಕೊಡಬೇಕಾದುದನ್ನು ಮೊದಲು ಒಳಗಿಡಬೇಕು, ಮೊದಲು ಕೊಡಬೇಕಾದುದು ಬಾಗಿಲ ಬಳಿ ಇರಬೇಕು ಎಂಬ ಸರಳ ಪಾಠ ನನಗೆ ತಿಳಿದದ್ದು ಮೂರನೆಯ ಮನೆಯ ಮುಂದೆ, ಅರ್ಧ ಗಾಡಿಯನ್ನು ರಸ್ತೆಗೆ ಇಳಿಸಿದ ಮೇಲೆ. ಭತ್ತದ ಮೂಟೆಗಳಿಗೆ ಈ ನಿಯಮವಿಲ್ಲ. ಎಲ್ಲ ಮೂಟೆಯೂ ಒಂದೇ ಮಿಲ್ಲಿಗೆ ಹೋಗುವುದಲ್ಲವೇ?

ಪಟ್ಟಣದ ಬೀದಿಗಳು ನೇರವಾಗಿದ್ದರೂ ವಿಳಾಸಗಳು ನೇರವಾಗಿರಲಿಲ್ಲ. ಮನೆಯ ಸಂಖ್ಯೆಯನ್ನು ಬರೆದವರು ಕಡಿಮೆ. ಬರೆದಿದ್ದರೂ ಬಾಗಿಲ ಮೇಲೆ ಆ ಸಂಖ್ಯೆ ಇರಲಿಲ್ಲ. "ದೊಡ್ಡ ಬೇವಿನ ಮರದ ಎದುರು" ಎಂದಿದ್ದರೆ ಆ ಮರವನ್ನು ಕಡಿದು ಎಷ್ಟೋ ವರ್ಷಗಳಾಗಿರುತ್ತಿದ್ದವು. ಒಬ್ಬರು ಕಳುಹಿಸಿದ ಗುಪ್ತಸಂಖ್ಯೆ ಬರುವ ಹೊತ್ತಿಗೆ ಇನ್ನೊಬ್ಬರ ಫೋನು ಬರುತ್ತಿತ್ತು. ಸಂಜೆಗೆ 37 ತಲುಪಿದ್ದವು, 25 ಹಿಂದಕ್ಕೆ ಬಂದವು. ಹಣ ಎಣಿಸಿದಾಗ 450 ರೂಪಾಯಿ ಕಡಿಮೆ. ಯಾರಿಗೋ ಚಿಲ್ಲರೆ ಹೆಚ್ಚು ಕೊಟ್ಟಿದ್ದೆ. ಅದನ್ನು ನನ್ನ ಜೇಬಿನಿಂದಲೇ ತುಂಬಿದೆ. ಮೊದಲ ದಿನದ ಸಂಪಾದನೆಯಲ್ಲಿ ಉಳಿದದ್ದು ಡೀಸೆಲ್ಲಿಗೂ ಸಾಲದಾಯಿತು. ಮನೆಯಲ್ಲಿ "ಪರವಾಗಿಲ್ಲ" ಎಂದಷ್ಟೇ ಹೇಳಿದೆ.

ಎರಡನೆಯ ದಿನ ಹಳ್ಳಿಗಳ ಸರದಿ. ಭತ್ತದ ಕಣಜವೆನಿಸಿದ ನಮ್ಮ ಸೀಮೆಯನ್ನು ನೋಡಬೇಕಾದರೆ ಆ ತಿಂಗಳಲ್ಲಿಯೇ ನೋಡಬೇಕು. ನಾಲೆಗಳ ಇಕ್ಕೆಲದಲ್ಲಿ ಹೊಂಬಣ್ಣದ ಗದ್ದೆಗಳು, ಕೊಯ್ಲಿನ ಯಂತ್ರಗಳ ಸದ್ದು, ಹುಲ್ಲಿನ ವಾಸನೆ. ರಸ್ತೆಯ ಅರ್ಧವನ್ನು ಕಣವಾಗಿ ಮಾಡಿಕೊಂಡು ಜನ ಭತ್ತ ಒಣಹಾಕಿರುತ್ತಾರೆ. ರೈತನಾಗಿ ಅದೆಷ್ಟೋ ಸಲ ನಾನೂ ಹಾಗೆ ಹರವಿ, ಮೇಲೆ ಹಾಯ್ದ ಗಾಡಿಗಳನ್ನು ಬೈದವನೇ. ಈಗ ಚಾಲಕನಾಗಿ ಅದೇ ಕಾಳಿನ ಅಂಚಿನಲ್ಲಿ ಚಕ್ರವನ್ನು ತಪ್ಪಿಸಿಕೊಂಡು ಹೋಗುವಾಗ, ಮನುಷ್ಯನಿಗೆ ನ್ಯಾಯವು ತಾನು ನಿಂತ ಜಾಗದಿಂದ ಬೇರೆಯಾಗಿ ಕಾಣುತ್ತದೆ ಎನಿಸಿತು.

ಸುಮಾರು 15 ಕಿಲೋಮೀಟರ್ ದೂರದ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ದಡದ ಕೋದಂಡರಾಮನ ಗುಡಿಯಲ್ಲಿ ಸೀತಾದೇವಿ ರೂಢಿಗೆ ಭಿನ್ನವಾಗಿ ರಾಮನ ಬಲಗಡೆಯಲ್ಲಿ ನಿಂತಿರುವುದನ್ನು ಯಾತ್ರಿಕರು ಬಲ್ಲರು. ಸಂಕ್ರಾಂತಿಯ ವೇಳೆಗೆ ಇಲ್ಲಿ ಸೇರುವ ದನಗಳ ಜಾತ್ರೆಗೆ ನಾನು ಬಾಲ್ಯದಲ್ಲಿ ತಂದೆಯವರ ಕೈಹಿಡಿದು ಬಂದಿದ್ದೆ. ಇನ್ನೊಂದು ದಿಕ್ಕಿನಲ್ಲಿ ಕಪ್ಪಡಿ. ಅಲ್ಲಿ ರಾಚಪ್ಪಾಜಿ, ಚನ್ನಾಜಮ್ಮನವರ ಗದ್ದುಗೆಗಳಿವೆ. ಮತ್ತೊಂದೆಡೆ ದೋರ್ನಹಳ್ಳಿ, ಅಲ್ಲಿಯ ಸಂತ ಅಂತೋಣಿಯವರ ದೇವಾಲಯಕ್ಕೆ 2019ರಲ್ಲಿ ಬಸಿಲಿಕದ ಗೌರವ ದೊರೆಯಿತು. ಜಾತ್ರೆಗೆಂದು ಹೋದವನಿಗೆ ಊರಿನ ಗುಡಿ ಕಾಣುತ್ತದೆ. ಪೊಟ್ಟಣ ಹಿಡಿದು ಹೋದವನಿಗೆ ಊರಿನ ಹಿತ್ತಿಲು, ಜಗಲಿ, ಅಂಗಳಗಳು ಕಾಣುತ್ತವೆ.

ಆ ದಿನ ಸಂಜೆ ನಾಲ್ಕಾದಾಗ ನನ್ನಲ್ಲಿ ಸಾಲಿಗ್ರಾಮದ ಕಡೆಯ ಒಂದು ಪೊಟ್ಟಣ ಉಳಿಯಿತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು; ತೂಕವೇ ಇಲ್ಲ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸಾಲಿಗ್ರಾಮದ ವಿಳಾಸಗಳಲ್ಲಿ ಕೆಲವರು ಹೊಸ ತಾಲ್ಲೂಕನ್ನೂ ಕೆಲವರು ಹಳೆಯ ತಾಲ್ಲೂಕನ್ನೂ ಬರೆಯುತ್ತಾರೆ. ಉಡುಪಿ ಜಿಲ್ಲೆಯಲ್ಲಿಯೂ ಒಂದು ಸಾಲಿಗ್ರಾಮವಿದೆ. ಈ ಪೊಟ್ಟಣದ ಮೇಲೆ ಬೀದಿಯ ಹೆಸರಿರಲಿಲ್ಲ. ಫೋನು ಮಾಡಿದೆ, ಗಂಟೆ ಬಾರಿಸಿತು, ಯಾರೂ ಎತ್ತಲಿಲ್ಲ. ಮೂರು ಸಲ ಮಾಡಿದೆ. 14 ರೂಪಾಯಿಗಾಗಿ ಅಷ್ಟು ದೂರ ಹೋಗಿ ಹುಡುಕುವುದೇ ಎಂದು ಮನಸ್ಸು ಹಿಂಜರಿಯಿತು. ಮೊಬೈಲಿನಲ್ಲಿ ಕಾರಣಗಳ ಪಟ್ಟಿಯಿತ್ತು. "ಮನೆಗೆ ಬೀಗ ಹಾಕಿದೆ" ಎಂಬುದನ್ನು ಒತ್ತಿದೆ. ನಾನು ಆ ಮನೆಯನ್ನು ನೋಡಿಯೇ ಇರಲಿಲ್ಲ.

ರಾತ್ರಿ ಊಟವಾದ ಮೇಲೆ ತಾಯಿಯವರು, "ಇವತ್ತು ಎಲ್ಲರಿಗೂ ಮುಟ್ಟಿಸಿದೆಯಾ?" ಎಂದು ಕೇಳಿದರು. "ಒಂದು ಉಳಿಯಿತು, ಬೀಗ ಹಾಕಿತ್ತು" ಎಂದೆ. ಮೊಬೈಲಿಗೆ ಹೇಳಿದ ಸುಳ್ಳನ್ನು ತಾಯಿಗೂ ಹೇಳಿದ್ದೆ. ಮೊದಲನೆಯದು ಒಂದು ಗುಂಡಿಯನ್ನು ಒತ್ತಿದಷ್ಟೇ ಹಗುರವಾಗಿತ್ತು, ಎರಡನೆಯದು ಹಾಗಿರಲಿಲ್ಲ. ಆ ರಾತ್ರಿ ಸರಿಯಾಗಿ ನಿದ್ರೆ ಬರಲಿಲ್ಲ.

ಮೂರನೆಯ ದಿನ ಆ ಪೊಟ್ಟಣವನ್ನು ನಾನಾಗಿಯೇ ಕೇಳಿ ಪಡೆದು ಗಾಡಿಯ ಮುಂಭಾಗದಲ್ಲಿ ಇಟ್ಟುಕೊಂಡೆ. ಸಾಲಿಗ್ರಾಮದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದ ಅಂಚೆಯವರೊಬ್ಬರಿಗೆ ಹೆಸರನ್ನು ತೋರಿಸಿದೆ. ಅವರು ಒಂದು ಕ್ಷಣವೂ ಯೋಚಿಸದೆ ಬೀದಿ, ತಿರುವು, ಹೆಂಚಿನ ಮನೆ ಎಲ್ಲವನ್ನೂ ಹೇಳಿ, "ಫೋನು ಮಾಡಬೇಡಿ, ಆ ತಾಯಿಗೆ ಕಿವಿ ಕೇಳಿಸದು. ಬಾಗಿಲಲ್ಲಿ ನಿಂತು ಕೈಬೀಸಿ" ಎಂದರು.

ಸುಮಾರು ಎಂಬತ್ತರ ತಾಯಿ ಜಗಲಿಯ ಮೇಲೆಯೇ ಕುಳಿತಿದ್ದರು. ಪೊಟ್ಟಣವನ್ನು ಕಂಡೊಡನೆ ಎದ್ದು ಬಂದು ಎರಡು ಕೈಯಲ್ಲಿ ತೆಗೆದುಕೊಂಡರು. ಒಳಗಿದ್ದದ್ದು ಕಿವಿಯ ಯಂತ್ರಕ್ಕೆ ಹಾಕುವ ಗುಂಡಿಯಂತಹ ಸಣ್ಣ ಬ್ಯಾಟರಿಗಳು. ಬೆಂಗಳೂರಿನಲ್ಲಿರುವ ಮಗ ಕಳುಹಿಸಿದ್ದ. ನಡುಗುವ ಬೆರಳಿನಿಂದ ಅವರಿಗೆ ಹಾಕಲಾಗಲಿಲ್ಲ. ನಾನೇ ಕುಳಿತು ಹಾಕಿಕೊಟ್ಟೆ. ಯಂತ್ರವನ್ನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆನ್ನೆಯೇ ಬರುತ್ತದೆಂದು ಮಗ ಹೇಳಿದ್ದನಂತೆ, ಪಕ್ಕದ ಮನೆಯ ಹುಡುಗ ಬರೆದು ತೋರಿಸಿದ. ಕತ್ತಲಾಗುವ ತನಕ ಇಲ್ಲಿಯೇ ಕುಳಿತಿದ್ದೆ ಕಣಪ್ಪ. ನಿಮಗೆ ದಾರಿ ಸಿಕ್ಕಲಿಲ್ಲವೇನೋ" ಎಂದರು.

ಬೀಗ ಹಾಕಿದೆಯೆಂದು ನಾನು ಬರೆದ ಮನೆಯ ಜಗಲಿಯಲ್ಲಿ ಒಬ್ಬ ತಾಯಿ ಕತ್ತಲಾಗುವ ತನಕ ಕಾದಿದ್ದರು. ನಾನು ಮಾಡಿದ ಮೂರು ಕರೆಗಳಿಗೆ ಉತ್ತರ ಬಾರದಿದ್ದುದಕ್ಕೆ ಕಾರಣ ನನ್ನ ಗಾಡಿಯೊಳಗೇ ಇತ್ತು. ತಪ್ಪನ್ನು ಅವರಿಗೆ ಹೇಳಿಬಿಟ್ಟೆ. "ಹೋಗಲಿ, ಇವತ್ತು ಬಂದಿರಲ್ಲ" ಎಂದು ಹೇಳಿ ಮಜ್ಜಿಗೆ ತಂದುಕೊಟ್ಟರು. ಬಂದವನಿಗೆ ಏನನ್ನಾದರೂ ಕೊಡದೆ ಕಳುಹಿಸದ ಮನೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ.

ಹಿಂದಿರುಗುವಾಗ ಆ ಅಂಚೆಯವರ ನೆನಪೇ ಮನಸ್ಸಿನಲ್ಲಿತ್ತು. ಮನೆಮನೆಗೆ ತಲುಪಿಸುವ ಈ ವೃತ್ತಿ ಹೊಸದೆಂದು ನಾವು ತಿಳಿದಿದ್ದೇವೆ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ, ಅಂದರೆ 17ನೆಯ ಶತಮಾನದಿಂದಲೇ ಅಂಚೆಯ ವ್ಯವಸ್ಥೆಯಿತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು. 1972ರ ಆಗಸ್ಟ್ 15ರಂದು ಆರು ಅಂಕೆಗಳ ಪಿನ್ ಕೋಡ್ ಬಂದದ್ದೂ ಒಂದೇ ಹೆಸರಿನ ಹಲವು ಊರುಗಳ ತೊಡಕನ್ನು ಬಿಡಿಸಲೆಂದೇ. ಮೊದಲ ಮೂರು ಅಂಕೆಗಳು ವಿಂಗಡಣೆಯ ಪ್ರದೇಶವನ್ನೂ ಕೊನೆಯ ಮೂರು ಅಂಚೆ ಕಚೇರಿಯನ್ನೂ ತಿಳಿಸುತ್ತವೆ. ಕೃಷ್ಣರಾಜನಗರ 571602, ನಮ್ಮ ಸಾಲಿಗ್ರಾಮ 571604, ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ 571426. ಹೆಸರಿನಲ್ಲಿ ಕೆ.ಆರ್. ಎಂಬ ಎರಡಕ್ಷರ ಕಂಡೊಡನೆ ನಗರವೋ ಪೇಟೆಯೋ ಎಂದು ತಡವರಿಸುವವನಿಗೆ ಈ ಅಂಕೆಗಳೇ ದಿಕ್ಸೂಚಿ. ಆದರೆ ಅಂಕೆ ಊರಿನ ತನಕ ಕರೆದೊಯ್ಯುತ್ತದೆ. ಅಲ್ಲಿಂದ ಬಾಗಿಲಿಗೆ ಕರೆದೊಯ್ಯುವುದು ಮನುಷ್ಯನ ಪರಿಚಯವೇ.

ಈಗ ಈ ಕೆಲಸದಲ್ಲಿ ನಮ್ಮ ಮನೆಗಳ ಅನೇಕ ಯುವಕರಿದ್ದಾರೆ. ಆದುದರಿಂದ ಓದುಗ ಬಂಧುಗಳಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ವಿಳಾಸ ಬರೆಯುವಾಗ ಗ್ರಾಮ, ಹೋಬಳಿ, ತಾಲ್ಲೂಕು, ಪಿನ್ ಕೋಡ್‌ಗಳನ್ನು ತಪ್ಪದೆ ಬರೆಯಿರಿ. ಅಳಿದುಹೋಗದ ಒಂದು ಗುರುತನ್ನು ಹೇಳಿ. ಮನೆಯಲ್ಲಿ ವೃದ್ಧರಷ್ಟೇ ಇದ್ದರೆ ನೆರೆಯವರದೊಂದು ಫೋನ್ ಸಂಖ್ಯೆಯನ್ನೂ ಕೊಡಿ. ಪೊಟ್ಟಣ ಕೈಸೇರುವ ಮೊದಲು ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಅದರ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ಬಿಸಿಲಿನಲ್ಲಿ ಬಂದವನಿಗೆ ಒಂದು ಲೋಟ ನೀರನ್ನು ಕೇಳುವ ಮೊದಲೇ ಕೊಡಿ.

ಈ ಕೆಲಸಕ್ಕೆ ಹೊರಟ ಮಕ್ಕಳ ತಂದೆತಾಯಿಗಳೂ ಒಂದು ವಿಷಯವನ್ನು ತಿಳಿದಿರಬೇಕು. ಆ್ಯಪ್ ಮೂಲಕ ಕೆಲಸ ಮಾಡುವವರಿಗಾಗಿ ಕರ್ನಾಟಕ ಸರ್ಕಾರ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷದ ಆಗಸ್ಟ್‌ನಲ್ಲಿ ಶಾಸನಸಭೆಯ ಒಪ್ಪಿಗೆ ಪಡೆಯಿತು. ಅದರಂತೆ ಕ್ಷೇಮಾಭಿವೃದ್ಧಿ ಮಂಡಳಿಯೊಂದಿರುತ್ತದೆ. ಕೆಲಸಗಾರನಿಗೆ ಸಲ್ಲುವ ಹಣದ ಶೇಕಡಾ 1ರಿಂದ 5ರಷ್ಟು ಮೊತ್ತವನ್ನು ಸಂಸ್ಥೆಗಳು ಕ್ಷೇಮನಿಧಿಗೆ ಕಟ್ಟಬೇಕು. ಲಿಖಿತ ಕಾರಣವನ್ನೂ 14 ದಿನಗಳ ಸೂಚನೆಯನ್ನೂ ಕೊಡದೆ ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ಅದಕ್ಕೂ ಮೊದಲೇ, 2023ರಲ್ಲಿ, ಇಂಥವರಿಗೆ ಜೀವವಿಮೆ 2 ಲಕ್ಷ, ಅಪಘಾತವಿಮೆ 2 ಲಕ್ಷ ರೂಪಾಯಿಗಳ ಯೋಜನೆಯನ್ನು ರಾಜ್ಯ ಸರ್ಕಾರ ಪ್ರಕಟಿಸಿತ್ತು. ಹೆಸರು ನೋಂದಾಯಿಸದೆ ಇವು ಯಾವುವೂ ಕೈಗೆ ಬಾರವು. ಮಗ ಸೇರಿದ ಕೆಲಸದ ಕರಾರನ್ನು ಒಮ್ಮೆ ಕೂರಿಸಿಕೊಂಡು ಓದಿಸಿ. ತಲೆಗೆ ಹೆಲ್ಮೆಟ್ ಇಲ್ಲದೆ ಹೊಸ್ತಿಲು ದಾಟಲು ಬಿಡಬೇಡಿ.

ಆ ಮೂರನೆಯ ದಿನ ನನಗೆ ತಲುಪಿಸಲು ಬಂದಿದ್ದವು 58, ತಲುಪಿದ್ದು 51. ಉಳಿದ ಏಳಕ್ಕೆ ಮೊಬೈಲಿನಲ್ಲಿ ನಿಜವಾದ ಕಾರಣವನ್ನೇ ಒತ್ತಿದೆ. ಸಂಜೆ ಮನೆಗೆ ಬಂದು ನಡೆದುದೆಲ್ಲವನ್ನೂ, ಹಿಂದಿನ ರಾತ್ರಿಯ ಸುಳ್ಳನ್ನೂ ಸೇರಿಸಿ, ತಾಯಿಯವರ ಮುಂದೆ ಹೇಳಿದೆ. ತಂದೆಯವರು ಪಕ್ಕದಲ್ಲಿಯೇ ಕುಳಿತು ಕೇಳುತ್ತಿದ್ದರು. ಮಾರನೆಯ ದಿನ ಬೆಳಗಿನ ಐದು ಗಂಟೆಗೆ ನಾನು ಎದ್ದಾಗ ಗಾಡಿಯ ಗಾಜಿನ ಮೇಲಿನ ಇಬ್ಬನಿಯನ್ನು ಯಾರೋ ಆಗಲೇ ಒರೆಸಿದ್ದರು. ಹಟ್ಟಿಯ ಕಡೆ ನೋಡಿದೆ. ತಂದೆಯವರು ಒದ್ದೆ ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹಾಕುತ್ತಿದ್ದರು. "ಹೊತ್ತಾಯಿತು, ಹೊರಡು" ಎಂದರು.