ಕಾಶ್ಮೀರಿ ಗೇಟಿನಿಂದ ಸೋಹ್ನಾ ಮಣ್ಣಿಗೆ

ಊರಿನಿಂದ ಬರುವ ನೆಂಟರಿಗೆ ನಾವು ದೆಹಲಿಯಲ್ಲಿ ತೋರಿಸುವ ಸ್ಥಳಗಳ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ: ಕುತುಬ್ ಮಿನಾರ್, ಕೆಂಪು ಕೋಟೆ, ರಾಜಘಾಟ್, ರಜೆ ಉಳಿದರೆ ಆಗ್ರಾ. ನಾನು ಈಗ ಹೇಳಹೊರಟಿರುವ ಎರಡು ಸ್ಥಳಗಳು ಆ ಪಟ್ಟಿಯಲ್ಲಿಲ್ಲ. ಒಂದು, ಕಾಶ್ಮೀರಿ ಗೇಟಿನ ಮೋಟಾರು ಸಾಮಾನಿನ ಪೇಟೆ. ಇನ್ನೊಂದು, ಗುರುಗ್ರಾಮ ದಾಟಿ ಸೋಹ್ನಾ ಕಡೆಗೆ ಹೋಗುವಾಗ ಅರಾವಳಿ ಗುಡ್ಡಗಳ ಮಗ್ಗುಲಲ್ಲಿ ಸಿಗುವ ಒಂದು ಮಣ್ಣಿನ ಬಯಲು. ಇವೆರಡಕ್ಕೂ ನನ್ನನ್ನು ಎಳೆದುಕೊಂಡು ಹೋದದ್ದು ನಮ್ಮ ಭಾವನವರ ಹಳೆಯ ಮಾರುತಿ 800.

ಈ ಕಾರಿಗೆ ಗುರುಗ್ರಾಮವೇ ತವರು. 1983ರ ಡಿಸೆಂಬರ್ 14ರಂದು ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೆಯ ಕಾರಿನ ಬೀಗದ ಕೈಯನ್ನು ಅದನ್ನು ಕೊಂಡವರಿಗೆ ಕೊಟ್ಟರು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಭಾವನವರು ತಮ್ಮದನ್ನು 2004ರಲ್ಲಿ ಕೊಂಡಿದ್ದರು. ಒಮ್ಮೆ ಬೇಸಿಗೆ ರಜೆಯಲ್ಲಿ ಅಕ್ಕನನ್ನೂ ಮಗುವನ್ನೂ ಕೂರಿಸಿಕೊಂಡು ದೆಹಲಿಯಿಂದ ಹಾಸನದವರೆಗೆ ಅದರಲ್ಲೇ ಹೋಗಿ ಬಂದರು. ಹದಿನೈದು ವರ್ಷ ಕಳೆದ ವಾಹನಗಳು ದೆಹಲಿಯ ರಸ್ತೆಯಲ್ಲಿ ಓಡಕೂಡದೆಂದು ಹಸಿರು ನ್ಯಾಯಮಂಡಳಿ 2014ರಲ್ಲಿ ವಿಧಿಸಿದ್ದನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿದಾಗ, ನಮ್ಮ ಕಾರಿಗೆ ಇನ್ನೊಂದೇ ವರ್ಷದ ಆಯುಸ್ಸು ಉಳಿದಿತ್ತು. ಆಮೇಲೆ ಭಾವನವರೂ ಹೋದರು. ಗುಜರಿಯವರು ಮೂರು ಸಲ ಬಂದು ಬೆಲೆ ಹೇಳಿದರು. ಅಕ್ಕ ಮೂರು ಸಲವೂ ಚಹಾ ಕೊಟ್ಟು ಕಳಿಸಿದಳು.

ಈಗ ಅವಳ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮಣ್ಣಿನ ಹಾದಿಯಲ್ಲಿ ಒಂದೊಂದೇ ಕಾರನ್ನು ಬಿಟ್ಟು ಗಡಿಯಾರ ಹಿಡಿದು ಓಡಿಸುವ ಪಂದ್ಯಗಳುಂಟಷ್ಟೆ; ಅಪ್ಪನ ಕಾರನ್ನು ಅದಕ್ಕೆ ಅಣಿಮಾಡುತ್ತೇನೆಂದು ಹುಡುಗ ಹಟ ಹಿಡಿದ. ಅಕ್ಕ ಒಂದು ವಾರ ಮಾತಾಡಲಿಲ್ಲ. ಕೊನೆಗೆ ನನಗೆ ಫೋನು ಮಾಡಿ, "ನೀನು ಜೊತೆಗಿದ್ದರೆ ಮಾತ್ರ. ನೀನು ಸರಿ ಅಂದಮೇಲೆಯೇ ಅವನು ಓಡಿಸಬೇಕು" ಎಂದಳು. ಕಾರಿನ ವಿಷಯದಲ್ಲಿ ನಾನು ಬಲ್ಲದ್ದು ಬಾಗಿಲು ತೆಗೆಯುವುದು, ಹಾಕುವುದು. ಆದರೂ ಒಪ್ಪಿಕೊಂಡೆ.

ಕಾಶ್ಮೀರಿ ಗೇಟು ಎಂದರೆ ನಮಗೆ ಈಗ ಮೆಟ್ರೋ ನಿಲ್ದಾಣವೂ ಬಸ್ಸುಗಳೂ ನೆನಪಾಗುತ್ತವೆ. ಆದರೆ ಎರಡು ಕಮಾನಿನ ಆ ಹೆಬ್ಬಾಗಿಲು ಇನ್ನೂ ನಿಂತಿದೆ; 1857ರ ಸೆಪ್ಟೆಂಬರಿನ ಗುಂಡಿನ ಗಾಯಗಳು ಅದರ ಮೈಮೇಲೆ ಈಗಲೂ ಕಾಣುತ್ತವೆ. ಅದರ ಬಳಿಯ ಗಲ್ಲಿಗಳಲ್ಲಿ ಕಬ್ಬಿಣದ್ದೇ ಒಂದು ಲೋಕ. ಒಂದು ಅಂಗಡಿಯಲ್ಲಿ ಬರಿಯ ಬೇರಿಂಗು, ಪಕ್ಕದ್ದರಲ್ಲಿ ಬರಿಯ ಕನ್ನಡಿ, ಅದರಾಚೆ ಬರಿಯ ಹಾರನ್ನು. ನಮಗೆ ಬೇಕಾದದ್ದು ಒಂದು ಟೈ ರಾಡ್ ಎಂಡ್. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸಲಾಕೆಯ ತುದಿಯಲ್ಲಿರುವ ಕೀಲು ಅದು. ನಮ್ಮ ತೊಡೆಯ ಮೂಳೆಯ ಹಾಗೆ ಬಟ್ಟಲಿನೊಳಗೆ ಗುಂಡು. ಬಲಗಡೆಯದು ಸವೆದು ಅಲ್ಲಾಡುತ್ತಿತ್ತು. ಮುದುಕ ಅಂಗಡಿಯವನು ಹೊಸದನ್ನು ಕೊಡುತ್ತ, "ಇದನ್ನು ಹಾಕಿದ ಮೇಲೆ ಅಲೈನ್‌ಮೆಂಟು ಮತ್ತೆ ನೋಡಿಸಿ, ಬಾಬೂಜಿ" ಎಂದ. ಹುಡುಗ ಆಗಲೇ ಮುಂದಿನ ಅಂಗಡಿಯಲ್ಲಿದ್ದ. ಹೋದ ವಾರವಷ್ಟೇ ಯಂತ್ರವಿಟ್ಟು ಅಲೈನ್‌ಮೆಂಟು ಮಾಡಿಸಿದ್ದೆವು. ಮತ್ತೇಕೆ ಖರ್ಚು ಎಂದುಕೊಂಡು ನಾನು ಆ ಮಾತನ್ನು ಅವನಿಗೆ ಮುಟ್ಟಿಸಲಿಲ್ಲ.

ಮಾಘದ ಒಂದು ಭಾನುವಾರ ಬೆಳಗ್ಗೆ ಕಾರನ್ನು ಟೆಂಪೋ ಮೇಲೆ ಕಟ್ಟಿಕೊಂಡು ಹೊರಟೆವು. ಗುರುಗ್ರಾಮದ ಗಾಜಿನ ಕಟ್ಟಡಗಳು ಮುಗಿದ ಮೇಲೆ ಸಾಸಿವೆಯ ಹಳದಿ ಹೊಲ, ಆಮೇಲೆ ಬೋಳುಗುಡ್ಡ, ಜಾಲಿ. ಸೋಹ್ನಾದಲ್ಲಿ ಗಂಧಕದ ಬಿಸಿನೀರಿನ ಬುಗ್ಗೆಯಿದೆ. ನಮಗೆ ಸ್ನಾನಕ್ಕೆ ಪುರುಸೊತ್ತಿರಲಿಲ್ಲ. ಬಯಲಿನಲ್ಲಿ ಹಿಟ್ಟಿನಂಥ ಮಣ್ಣು, ಕೆಳಗೆ ಗಟ್ಟಿ ನೆಲ. ಹುಡುಗ ಮೆಲ್ಲಗೆ ಒಂದು ಸುತ್ತು ಹೋಗಿ ಬಂದವನೇ ಮುಖ ಸಣ್ಣದು ಮಾಡಿಕೊಂಡ. "ಮಾವ, ಸ್ಟೀರಿಂಗ್ ನೆಟ್ಟಗೆ ಹಿಡಿದರೆ ಎಡಕ್ಕೆ ಹೋಗುತ್ತೆ. ತಿರುವಿಗೆ ಹಾಕಿದರೆ ಮೂತಿ ತಿರುಗೋದೇ ಇಲ್ಲ."

ಕಾಶ್ಮೀರಿ ಗೇಟಿನ ಮುದುಕ ನನ್ನ ಕಣ್ಣ ಮುಂದೆ ಬಂದ. ನಡೆದದ್ದನ್ನು ಹೇಳಿದೆ. ಹುಡುಗ ಬೈಯಲಿಲ್ಲ. "ನಾನೂ ಮರೆ ಎಣಿಸಿ ಹಾಕಿದ್ದೆ, ಸಾಕು ಅಂದುಕೊಂಡೆ. ಹೊಸದು ಒಂದು ಕೂದಲೆಳೆ ಉದ್ದವಿರಬೇಕು, ಇಲ್ಲ ಗಿಡ್ಡ" ಎಂದು ಚೀಲದಿಂದ ನೂಲಿನ ಉಂಡೆ ತೆಗೆದ.

ನಮ್ಮೂರಿನ ಬಡಗಿ ಮರದ ಮೇಲೆ ನೂಲು ಹಿಡಿದದ್ದನ್ನು ನೋಡಿದ್ದೆ. ಕಾರಿಗೂ ಅದೇ ಶಾಸ್ತ್ರವೆಂದು ಅಂದು ತಿಳಿಯಿತು. ಮೊದಲು ನಾಲ್ಕೂ ಟೈರಿಗೆ ಗಾಳಿ ಸರಿಮಾಡಬೇಕು. ಕಾರು ಮಟ್ಟದ ನೆಲದ ಮೇಲೆ ನಿಲ್ಲಬೇಕು. ಮುಂದಿನ ಚಕ್ರಗಳ ಕೆಳಗೆ ಎರಡೆರಡು ತಗಡು, ನಡುವೆ ಗ್ರೀಸು. ಇಲ್ಲದಿದ್ದರೆ ಟೈರು ನೆಲವನ್ನು ಕಚ್ಚಿ ಹಿಡಿದು ಸುಳ್ಳು ಲೆಕ್ಕ ಕೊಡುತ್ತದೆ. ಸ್ಟೀರಿಂಗ್ ಅಲುಗದಂತೆ ಕಟ್ಟಬೇಕು. ಆಮೇಲೆ ಎರಡೂ ಮಗ್ಗುಲಲ್ಲಿ, ಗಾಲಿಯ ನಡುಮಟ್ಟಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ನೂಲು. ನೂಲಿನಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಎಂದು ಅಳೆದರೆ ಚಕ್ರ ಯಾವ ಕಡೆಗೆ ಮುಖ ಮಾಡಿದೆಯೆಂಬುದು ಬಯಲಾಗುತ್ತದೆ.

"ಓಡಿಸುವವನ ತೂಕವೂ ಸೀಟಿನ ಮೇಲಿರಬೇಕು ಮಾವ. ನಾನು ಕೆಳಗೆ ಅಳೀತೀನಿ, ನೀವು ಕೂತ್ಕೊಳ್ಳಿ" ಎಂದ. ನನ್ನಿಂದ ಆದ ಉಪಕಾರ ನನ್ನ ಎಪ್ಪತ್ತು ಕಿಲೋ. ಹಿಂದಿನ ಸೀಟು, ಗಾಜು, ಮೆತ್ತೆ ಎಲ್ಲವನ್ನೂ ಕಿತ್ತು ಕಬ್ಬಿಣದ ಕೊಳವೆಗಳ ಪಂಜರ ಕೂರಿಸಿದ್ದರೂ, ಸ್ಟೀರಿಂಗ್ ಮಾತ್ರ ಹಳೆಯದೇ. ಭಾವನವರ ಬೆರಳು ತಾಗಿ ತಾಗಿ ನುಣುಪಾದ ಜಾಗ ಹಾಗೆಯೇ ಇತ್ತು. ನಾನು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಕಾರು ಎಡಕ್ಕೆ ಹೋಗುತ್ತಿದ್ದುದರಿಂದ ನಾವಿಬ್ಬರೂ ಎಡಚಕ್ರವನ್ನೇ ಶಂಕಿಸಿದ್ದೆವು. ಅಳೆದರೆ ಅದು ಹೋದ ವಾರ ಇಟ್ಟಂತೆಯೇ, 1 ಮಿಲಿಮೀಟರು ಹೊರಮುಖವಾಗಿ, ನಿರಪರಾಧಿಯಾಗಿ ನಿಂತಿತ್ತು. ಬಲದ್ದು 5 ಮಿಲಿಮೀಟರು ಒಳಕ್ಕೆ ತಿರುಗಿ ಕಾರನ್ನೆಲ್ಲ ಎಡಕ್ಕೆ ನೂಕುತ್ತಿತ್ತು. ಬಲಗಡೆಯ ಬಿಗಿನಟ್ಟನ್ನು ಸಡಿಲಿಸಿ ಸಲಾಕೆಯನ್ನು ಕಾಲು ಸುತ್ತು ತಿರುಗಿಸುವುದು, ಅಳೆಯುವುದು. ಮತ್ತೆ ತಿರುಗಿಸುವುದು, ಅಳೆಯುವುದು. ಗಂಟೆಯ ಮೇಲಾಯಿತು.

"ಎರಡನ್ನೂ ನೂಲಿಗೆ ಸಮವಾಗಿಯೇ ನಿಲ್ಲಿಸಬಾರದೇ?" ಎಂದು ಕೇಳಿದೆ. ಈ ಕಾರನ್ನು ಎಳೆಯುವುದು ಮುಂದಿನ ಚಕ್ರಗಳೇ. ವೇಗ ಕೊಟ್ಟಾಗ ಅವು ತುಸು ಒಳಕ್ಕೆ ಸೇರುತ್ತವೆ. ನಿಂತಾಗ ಒಂದಿಷ್ಟು ಹೊರಮುಖವಾಗಿದ್ದರೆ ಸಡಿಲ ಮಣ್ಣಿನ ತಿರುವಿನಲ್ಲಿ ಮೂತಿ ಬೇಗ ಒಳಕ್ಕೆ ಬರುತ್ತದೆ. ಅತಿಯಾದರೆ ನೇರ ದಾರಿಯಲ್ಲಿ ಕಾರು ತವಕಿಸುತ್ತದೆ, ಟೈರೂ ಸವೆಯುತ್ತದೆ. ಅಮೆರಿಕದ ಮೊಟ್ಟೆಯಾಕಾರದ ಮಣ್ಣಿನ ಕಣಗಳಲ್ಲಿ ಬರಿಯ ಎಡತಿರುವೇ ಆದ್ದರಿಂದ ಅಲ್ಲಿ ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು ಲೆಕ್ಕ. ನಮ್ಮಲ್ಲಿ ಎರಡು ಕಡೆಗೂ ತಿರುವು. ಆದ್ದರಿಂದ ಎರಡಕ್ಕೂ ಒಂದೇ ನ್ಯಾಯ. ಬಲದ್ದೂ 1 ಮಿಲಿಮೀಟರು ಹೊರಕ್ಕೆ ಬಂದಾಗ ನಟ್ಟು ಬಿಗಿದೆವು. ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕೆಂದು ನಾನೇ ಹಟ ಹಿಡಿದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಹುಡುಗ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದುಕೊಂಡು ನನ್ನ ಮುಖ ನೋಡಿದ. ಸರಿ ಎನ್ನಬೇಕಾದವನು ನಾನು. ಕಚೇರಿಯಲ್ಲಿ ದಿನಕ್ಕೆ ಎಷ್ಟೋ ಕಾಗದಕ್ಕೆ ರುಜು ಹಾಕುತ್ತೇನೆ. ಈ ಎರಡಕ್ಷರ ಹೇಳುವಾಗ ಬಾಯಿ ಒಣಗಿತ್ತು.

ಕಾರು ಧೂಳೆಬ್ಬಿಸಿಕೊಂಡು ಹೋಯಿತು. ದೂರದ ತಿರುವಿನಲ್ಲಿ ಹಿಂಭಾಗ ಒಮ್ಮೆ ಜಾರಿತು, ಮೂತಿ ತಿರುಗಿತು, ಮತ್ತೆ ನೆಟ್ಟಗಾಗಿ ನನ್ನ ಕಡೆಗೆ ಬಂತು. ಅಕ್ಕನಿಗೆ ಫೋನು ಮಾಡಿದೆ. ಅವಳು ಮೊದಲು ಮಗನನ್ನು ಕೇಳಿದಳು. ಆಮೇಲೆ ತುಸು ತಡೆದು, "ಗಾಡಿ ಹೇಗೆ ಓಡ್ತು?" ಎಂದಳು.

"ನೂಲು ಹಿಡಿದ ಹಾಗೆ" ಎಂದೆ.