ಹಿಡಿದುಕೊಟ್ಟವನ ಹೆಸರು

ಶೇಖ್ ಜೈನುದ್ದೀನ್ ಅಂತ ಒಬ್ಬ ಚಿತ್ರಗಾರ ಇದ್ದ. ಪಟ್ನಾದವನು. 1777ರ ಹೊತ್ತಿಗೆ ಕಲ್ಕತ್ತೆಯಲ್ಲಿ ಒಬ್ಬ ದೊರೆಸಾನಿಗೆ ಹಕ್ಕಿ ಬರೆದುಕೊಡುವ ಕೆಲಸ ಹಿಡಿದ. ದೊರೆಸಾನಿ ಹೆಸರು ಮೇರಿ ಇಂಪಿ. ಗಂಡ ಎಲಿಜಾ ಇಂಪಿ, ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಾಧೀಶ. 1775ರಲ್ಲಿ ನಂದಕುಮಾರನಿಗೆ ಗಲ್ಲು ಬರೆದವನು. ಗಂಡನದು ಕೋರ್ಟು, ಹೆಂಡತಿಯದು ತೋಟದ ತುಂಬ ಸಾಕಿದ ಹಕ್ಕಿ, ಪ್ರಾಣಿ. ಅವನ್ನೆಲ್ಲ ಕಾಗದಕ್ಕೆ ಇಳಿಸೋಕೆ ಪಟ್ನಾದ ಮೂವರು ದುಡಿದರು. ಜೈನುದ್ದೀನ್, ಭವಾನಿದಾಸ್, ರಾಮದಾಸ್.

ಮುನ್ನೂರಕ್ಕೂ ಹೆಚ್ಚು ಚಿತ್ರ. ಅರ್ಧಕ್ಕಿಂತ ಜಾಸ್ತಿ ಹಕ್ಕಿಗಳೇ. ಕಾಗದ ಇಂಗ್ಲೆಂಡಿನದು, ಕೈಪಳಗು ಮೊಗಲರ ಕಾಲದ್ದು. ಸಾಧ್ಯವಾದ ಕಡೆಯೆಲ್ಲ ಹಕ್ಕಿ ಎಷ್ಟಿದೆಯೋ ಅಷ್ಟೇ ಅಳತೆಯಲ್ಲಿ ಬರೆಯಬೇಕು. ಹಾಳೆಯ ಮೇಲೆ ದೊರೆಸಾನಿಯ ಸಂಗ್ರಹ ಅಂತ ಇಂಗ್ಲಿಷಿನಲ್ಲಿದೆ, ಬರೆದವನ ಹೆಸರು ಪಾರ್ಸಿಯಲ್ಲಿದೆ. ಆ ಪಾರ್ಸಿ ಹೆಸರು ನೋಡಿ ನಾನು ಸುಮ್ಮನೆ ಕೂತುಬಿಟ್ಟೆ. ಯಾಕೆ ಅಂತ ಹೇಳಬೇಕು.

ನಮ್ಮ ಮನೇಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಯಾವ ಪುಸ್ತಕ ಕೈಗೆ ಸಿಕ್ಕರೂ ಒಳಗೇನಿದೆ ಅನ್ನೋದಕ್ಕಿಂತ ಮುಂಚೆ ಯಾರ ಹೆಸರಿದೆ ಅಂತ ನೋಡುವ ಚಟ. ನಮ್ಮೂರ ಗುಡಿಯ ಕಲ್ಲಿನ ಮೇಲೆ ದುಡ್ಡು ಕೊಟ್ಟವರ ಹೆಸರಿದೆ, ಕಲ್ಲು ಹೊತ್ತವರದಿಲ್ಲ. ಆ ಕಲ್ಲಿನ ಮುಂದೆ ಅಕ್ಷರ ಕೂಡಿಸಿ ಓದಲು ಕಲಿತವನ ಚಟ ಇದು.

ಈ ಹಕ್ಕಿ ಪುಸ್ತಕಗಳಲ್ಲೂ ಅದೇ ಕತೆ. ಜೆರ್ಡನ್ ಅಂತ ಮದರಾಸಿನ ಸೈನ್ಯದ ಡಾಕ್ಟರು. 1843ರಿಂದ 1847ರವರೆಗೆ ಮದರಾಸಿನಲ್ಲಿ ಹಕ್ಕಿಗಳ ಚಿತ್ರಪುಸ್ತಕ ತಂದ. ಐವತ್ತು ಚಿತ್ರ, ಬಹುಪಾಲು ನಮ್ಮ ದಕ್ಷಿಣದ ಹಕ್ಕಿಗಳೇ. ಬರೆದವರು ಈ ನೆಲದ ಕಲಾವಿದರು. ಹೆಸರಿನ ಪುಟದಲ್ಲಿ ಜೆರ್ಡನ್ ಒಬ್ಬನೇ. ಅದನ್ನು ನೋಡಿ ಬಂದ ಕಣ್ಣಿಗೆ ಜೈನುದ್ದೀನನ ಹೆಸರು ಹೇಗೆ ಕಂಡಿರಬೇಕು, ನೀವೇ ಊಹಿಸಿ.

ಹಾಗಂತ ದೊರೆಸಾನಿಗೆ ಹಾರ ಹಾಕೋಕೆ ನಾನು ತಯಾರಿಲ್ಲ. ಚಿತ್ರಗಳು ಅವಳ ಜೊತೆ ಹಡಗು ಹತ್ತಿದವು. ಅಲ್ಲಿ ಜಾನ್ ಲೇಥಮ್ ಅನ್ನೋ ಪಕ್ಷಿಶಾಸ್ತ್ರಜ್ಞ ಅವನ್ನು ನೋಡಿ ತನ್ನ ಪುಸ್ತಕಗಳಿಗೆ ಬಳಸಿಕೊಂಡ. ಹಿಮಾಲಯದ ಮೊನಾಲ್ ಕೋಳಿಗೆ 1790ರಲ್ಲಿ ಇಂಪಿಯ ಹೆಸರನ್ನೇ ಅಂಟಿಸಿದ. ಇವತ್ತಿಗೂ ಅದರ ಶಾಸ್ತ್ರೀಯ ಹೆಸರು ಲೋಫೊಫೋರಸ್ ಇಂಪೆಜಾನಸ್. 1810ರಲ್ಲಿ ಲಂಡನ್ನಿನಲ್ಲಿ ಚಿತ್ರಗಳು ಹರಾಜಾದವು. ಜೈನುದ್ದೀನನ ಹೆಸರು ಹಾಳೆ ಬಿಟ್ಟು ಆಚೆ ಬರೋಕೆ ಇನ್ನೂ ಎಷ್ಟೋ ಕಾಲ ಹಿಡಿಯಿತು.

ಇನ್ನೊಂದು ಪುಸ್ತಕ ಇದೆ. 1830ರಿಂದ 1833ರೊಳಗೆ ಲಂಡನ್ನಿನಲ್ಲಿ ಬಂದದ್ದು, ಹಿಮಾಲಯದ ಹಕ್ಕಿಗಳದು. ರಟ್ಟಿನ ಮೇಲೆ ಹೆಸರು ಜಾನ್ ಗೋಲ್ಡನದು. ಕಲ್ಲಚ್ಚಿನ ಮೇಲೆ ಹಕ್ಕಿ ಬರೆದವಳು ಅವನ ಹೆಂಡತಿ ಎಲಿಜಬೆತ್. 80 ಹಾಳೆ. ಅವಳ ಹೆಸರು ಚಿತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ. ಎಂಟು ಹೆತ್ತು, ಎಂಟನೆಯ ಬಾಣಂತನದಲ್ಲಿ 1841ರಲ್ಲಿ ಸತ್ತಳು. ಆಗ ಅವಳಿಗೆ 37 ವರ್ಷ. ಆಮೇಲೆ ಬಣ್ಣ. ಆ ಕಾಲದಲ್ಲಿ ಅಚ್ಚಾಗುತ್ತಿದ್ದದ್ದು ಬರೀ ಕಪ್ಪು ಗೆರೆ. ಪ್ರತಿಯೊಂದು ಪ್ರತಿಯ ಪ್ರತಿಯೊಂದು ಹಾಳೆಗೂ ಕೂಲಿಯವರು ಕೈಯಲ್ಲೇ ಬಣ್ಣ ತುಂಬಬೇಕು. 200 ಪ್ರತಿ ಅಂತಿಟ್ಟುಕೊಂಡರೂ 16,000 ಹಾಳೆ ಆಯಿತಲ್ಲ. ನಮ್ಮ ಬೀಡಿ ಕಟ್ಟುವ ಹೆಣ್ಣುಮಕ್ಕಳು ನೆನಪಾದರು ನನಗೆ.

ಈ ಹಳೇ ಪುಸ್ತಕಗಳೆಲ್ಲ ಈಗ ಕಂಪ್ಯೂಟರಿನಲ್ಲಿ ಬಿಟ್ಟಿ ಸಿಗುತ್ತವೆ. ಹಾಳೆಗೆ ಹತ್ತು ರೂಪಾಯಿಯಂತೆ ಎರಡು ಬಣ್ಣದ ಪ್ರಿಂಟು ತೆಗೆಸಿ ಊರಿಗೆ ಒಯ್ದೆ, ತಾತನಿಗೆ ತೋರಿಸೋಣ ಅಂತ. ತಾತ ಪ್ರಾಯದಲ್ಲಿ ಗೌಜಲಕ್ಕಿಗೆ ಉರುಲು ಹಾಕುತ್ತಿದ್ದವನು. ಕುದುರೆ ಬಾಲದ ಕೂದಲು ಹೊಸೆದ ಉರುಲು. ಹಸಿವು ಕಲಿಸಿದ ವಿದ್ಯೆ. ಅಕ್ಷರ ಬಾರದು, ಆದರೆ ಬೇಲಿ ಆಚೆ ಕೂಗಿದ ಹಕ್ಕಿ ಯಾವುದು, ಯಾಕೆ ಕೂಗಿತು ಅಂತ ಹೇಳುತ್ತಾನೆ.

ಮೊದಲು ಗೋಲ್ಡನ ಪುಸ್ತಕದ್ದು ಕೊಟ್ಟೆ. ಒಂದು ತುಂಡು ಕೊಂಬೆ, ಮೇಲೊಂದು ಹಕ್ಕಿ. ಬಿಸಿಲಿಗೆ ಹಿಡಿದು ನೋಡಿದ.

"ಇದು ಸತ್ತಿರೋ ಹಕ್ಕಿ ಕಣ್ಮಗ."

"ಅದೆಂಗೆ ಹೇಳ್ತೀಯ ತಾತ?"

"ಕಾಲ್ ನೋಡು. ಕೊಂಬೆ ಮ್ಯಾಲೆ ಮಡಗವ್ರೆ. ಅದು ಕೊಂಬೆ ಹಿಡ್ಕಂಡಿಲ್ಲ."

ನಿಜ. ಹಿಮಾಲಯದಿಂದ ಲಂಡನ್ನಿಗೆ ಹೋದದ್ದು ಹಕ್ಕಿಯಲ್ಲ, ಸುಲಿದ ಹಕ್ಕಿಯ ಚರ್ಮ. ಅದಕ್ಕೆ ಹೊಟ್ಟೆ ತುಂಬಿ ನಿಲ್ಲಿಸಿ, ಅದನ್ನು ನೋಡಿ ಎಲಿಜಬೆತ್ ಬರೆದಳು. ಪಾಪ, ಅವಳೇನು ಮಾಡಿಯಾಳು.

ಆಮೇಲೆ ಜೈನುದ್ದೀನನದು ಕೊಟ್ಟೆ. 1778ರದು. ಬಸವನಪಾದದ ಕೊಂಬೆ, ಅದರ ಮೇಲೆ ಕಿತ್ತಳೆ ಬಣ್ಣದ ತಲೆಯ ಒಂದು ಹಕ್ಕಿ, ಜೊತೆಗೊಂದು ದೊಡ್ಡ ಪತಂಗ. ತಾತ ಬಹಳ ಹೊತ್ತು ನೋಡಿದ.

"ಇವ್ನು ಹಕ್ಕಿ ಹತ್ರ ಕುಂತು ನೋಡವ್ನೆ. ಯಾರಿವ್ನು?"

ಹೆಸರು ಹೇಳಿದೆ. ಹೆಸರು ಹಾಳೆ ಮೇಲೇ ಇದೆ ಅಂತಲೂ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ.

"ಬರ್ದೋನ್ ಹೆಸ್ರೈತೆ. ಹಿಡ್ಕೊಟ್ಟೋನ್ದು?"

"ಇಲ್ಲ ತಾತ."

"ಹಿಡಿಯೋದು ಸುಮ್ಕಲ್ಲ ಮಗ. ಒಂದ್ ಪುಕ್ಕಾನೂ ಮುರೀದಂಗೆ ಹಿಡೀಬೇಕು. ಪುಕ್ಕ ಮುರುದ್ರೆ ನಿನ್ ದೊರೆಸಾನಿ ಕಾಸು ಕೊಡ್ತಿದ್ಲಾ?"

ನಾನು ಹೆಸರು ಹುಡುಕುತ್ತಾ ಹುಡುಕುತ್ತಾ ಕುಂಚ ಹಿಡಿದವನವರೆಗೆ ಬಂದು ನಿಂತಿದ್ದೆ. ಅದರ ಕೆಳಗಿನ ಮೆಟ್ಟಿಲು ತಾತನಿಗೆ ಕಂಡಿತು. ಆ ತೋಟದ ಹಕ್ಕಿಗಳು ತಾವಾಗಿ ನಡೆದು ಬಂದು ಪಂಜರ ಸೇರಿದ್ದವಾ? ಕಾಡಿನಲ್ಲಿ, ಗದ್ದೆಯಲ್ಲಿ, ಜೌಗಿನಲ್ಲಿ ಕಾದು ಕೂತು ಹಿಡಿದವರು ಯಾರು? ಯಾವ ಜಾತಿ, ಯಾವ ಕೇರಿ? ಆ ಹಾಳೆಗಳ ಮೇಲೆ ಪಾರ್ಸಿಯಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ಅಂಥ ಒಂದು ಹೆಸರು ನನಗೆ ಸಿಕ್ಕಿದ್ದು ಇನ್ನೂರು ವರ್ಷ ಈಚೆಗೆ, ಆಂಧ್ರದ ಕಡಪದ ಕಡೆ. ಜೆರ್ಡನ್ ಕಳಿಸಿದ ಒಂದು ಹಕ್ಕಿಗೆ 1848ರಲ್ಲಿ ಬ್ಲೈತ್ ಅನ್ನುವವನು ಶಾಸ್ತ್ರೀಯ ಹೆಸರಿಟ್ಟ. ಎದೆಯ ಮೇಲೆ ಎರಡು ಪಟ್ಟಿ, ರಾತ್ರಿ ಓಡಾಡುವ ಜೀವ. ಇಂಗ್ಲಿಷಿನಲ್ಲಿ ಅದಕ್ಕೆ ಜೆರ್ಡನ್ಸ್ ಕೋರ್ಸರ್ ಅಂತಲೇ ಹೆಸರಾಯಿತು. 1900ರ ಆಮೇಲೆ ಅದು ಬಲ್ಲವರ ಕಣ್ಣಿಗೆ ಬೀಳಲಿಲ್ಲ. ಅಳಿದೇಹೋಯಿತು ಅಂದರು. ಎಂಬತ್ತರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹುಡುಕಲು ಹೊರಟರು. ಈ ಸಲ ಚಿತ್ರ ಸಾಹೇಬನ ಬೀರುವಿಗೆ ಹೋಗಲಿಲ್ಲ. ಅದನ್ನು ಹಿಡಿದುಕೊಂಡು ಹಳ್ಳಿ ಹಳ್ಳಿಯಲ್ಲಿ ವಿಚಾರಿಸಿದರು.

1986ರ ಜನವರಿಯಲ್ಲಿ ಐತನ್ನ ಅನ್ನೋ ಹಕ್ಕಿ ಹಿಡಿಯುವವನು ರಾತ್ರಿ ಟಾರ್ಚಿನ ಬೆಳಕಿಗೆ ಕಣ್ಣು ಕುಕ್ಕಿಸಿ ಒಂದನ್ನು ಹಿಡಿದು ತಂದ. ಪುಸ್ತಕದವರು 86 ವರ್ಷ ಕಾಣದ ಹಕ್ಕಿ. ಆ ಕಡೆಯ ಜನ ಅದನ್ನು ಕಲಿವಿಕೋಡಿ ಅಂತಾರೆ. ಕಲಿವಿ ಅಂದರೆ ನಮ್ಮ ಕವಳಿ. ಕವಳಿ ಪೊದೆಯ ಕೋಳಿ.