ಹತ್ತನೇ ಕ್ಲಾಸಿನ ಆಚೆಗೂ ಆಟ

ಚೌತಿ ಕಳೆದು ಮಳೆ ಸ್ವಲ್ಪ ಬಿಡುವು ಕೊಡುವ ಹೊತ್ತಿಗೆ ನಮ್ಮ ಸಿದ್ಧಕಟ್ಟೆ ಪೇಟೆಯಲ್ಲಿ ಬಸ್ಸು ಕಾಯುವ ಮಕ್ಕಳ ಬೆನ್ನ ಮೇಲೆ ನಂಬರಿನ ಜೆರ್ಸಿ ಕಾಣಿಸತೊಡಗುತ್ತದೆ. ವಲಯ ಮಟ್ಟದಲ್ಲಿ ಗೆದ್ದವರು ತಾಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ. ಸಂಜೆ ಮೊಣಕಾಲವರೆಗೆ ಕೆಂಪು ಮಣ್ಣು ಮೆತ್ತಿಕೊಂಡು ಇಳಿಯುವಾಗ ಎದುರು ಸಿಕ್ಕಿದವರೆಲ್ಲ ಕೇಳುವುದು ಒಂದೇ: “ಎಷ್ಟನೇ ಬಂದದ್ದು?” ಊರವರು ಕೇಳಲಿ, ಅದು ಅವರ ಪ್ರೀತಿ. ಮನೆಯ ಮೆಟ್ಟಿಲು ಹತ್ತುವಾಗಲೂ ಅದೇ ಪ್ರಶ್ನೆ ಕಾದಿರಬಾರದು. ತಾನು ನಾಲ್ಕನೆಯವಳಾದದ್ದು ಓಡಿ ಬಂದ ಹುಡುಗಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. “ಬಚ್ಚಿತಾ ಮಗಾ? ಮಿಂದು ಬಾ, ಗಂಜಿ ಬಿಸಿ ಉಂಟು” ಎನ್ನುವ ತಾಯಿ ಸಿಕ್ಕರೆ, ಸೋತ ಓಟದ ಕಥೆ ಊಟದ ನಡುವೆ ತಾನಾಗಿಯೇ ಹೊರಗೆ ಬರುತ್ತದೆ.

ನಮ್ಮ ಕಡೆಯ ಹೆತ್ತವರಿಗೆ ಆಟವೆಂದರೆ ತಾತ್ಸಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸನ್ನು ನೋಡಿ. ಎಲೆ ಕತ್ತರಿಸಬೇಕು, ಹೊಗೆಸೊಪ್ಪಿನ ಪುಡಿ ಹಾಕಿ ಸುರುಟಬೇಕು, ತುದಿ ಮಡಚಿ ನೂಲು ಸುತ್ತಬೇಕು. ಒಂದೊಂದು ಬೀಡಿಗೂ ಇಷ್ಟೂ ಕೆಲಸ. ಮಜೂರಿ ಲೆಕ್ಕ ಸಾವಿರಕ್ಕೆ. ಆ ದುಡ್ಡಿನಲ್ಲಿ ಮಗಳಿಗೆ ಸ್ಪೈಕ್ ಶೂ ತಂದ ಮನೆಗಳು ಈ ಸುತ್ತಿನಲ್ಲಿವೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ನಂಬರು ದೊಡ್ಡದು ಕೊಳ್ಳುವುದು ಮಾತ್ರ ಬೇಡ. ಸಡಿಲ ಸ್ಪೈಕಿನಲ್ಲಿ ಕಾಲು ಉಳುಕುತ್ತದೆ.

ತೊಡಕಿರುವುದು ಹತ್ತನೇ ಕ್ಲಾಸಿನಲ್ಲಿ. ಒಂಬತ್ತರ ತನಕ ಮೆಡಲನ್ನು ಶೋಕೇಸಿನಲ್ಲಿ ತೂಗುಹಾಕಿದ ಮನೆಯಲ್ಲೇ ಜೂನ್ ಬಂದಾಗ ತೀರ್ಪು ಹೊರಬೀಳುತ್ತದೆ: “ಈ ವರ್ಷ ಎಸ್ಸೆಸ್ಸೆಲ್ಸಿ, ಆಟ ಸಾಕು.” ಹುಡುಗರು ಕೆಲವರು ಆಮೇಲೆ ರಾತ್ರಿಯ ಕಬಡ್ಡಿ ಪಂದ್ಯಾಟಗಳಿಗಾದರೂ ಮರಳುತ್ತಾರೆ. ಹುಡುಗಿಯರಲ್ಲಿ ಬಹಳ ಮಂದಿಗೆ ಅದೇ ಕೊನೆ. ನನಗೆ ಸಂಕಟವಾಗುವುದು ಇಲ್ಲಿ.

ಗುರುರಾಜ ಪೂಜಾರಿಯವರನ್ನು ನೆನೆಯುತ್ತೇನೆ. ಕುಂದಾಪುರ ಕಡೆಯ ಹಳ್ಳಿಯವರು, ತಂದೆ ಸರಕಿನ ವಾಹನದ ಚಾಲಕರು. ಕುಸ್ತಿಯ ಆಸೆ ಹೊತ್ತಿದ್ದ ಈ ಹುಡುಗನ ಕೈಗೆ ವೇಟ್‌ಲಿಫ್ಟಿಂಗಿನ ಕಬ್ಬಿಣದ ಸರಳು ಬಂದದ್ದು ನಮ್ಮ ಪಕ್ಕದ ಉಜಿರೆಯಲ್ಲಿ, ಎಸ್.ಡಿ.ಎಂ. ಕಾಲೇಜು ಸೇರಿದ ಮೇಲೆ. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕೆ.ಜಿ. ವಿಭಾಗದ ಕಂಚೂ ಬಂತು. ಸ್ನ್ಯಾಚ್ ಎಂದರೇನು, ಜರ್ಕ್ ಎಂದರೇನು ಎಂದು ಹೇಳಿಕೊಡುವುದು ತರಬೇತುದಾರರ ಕೆಲಸ, ಹೆತ್ತವರದಲ್ಲ. ಆದರೆ ಹತ್ತರಲ್ಲೇ ಆಟ ನಿಂತಿದ್ದರೆ ಉಜಿರೆಯ ಆ ಸರಳು ಅವರ ಕೈಗೆ ಬರುವುದಾದರೂ ಹೇಗಿತ್ತು? ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯವರೂ ಕೃಷಿಕರ ಮನೆಯವರೇ. ಶಾಲೆಯ ಕಬಡ್ಡಿ ಅಲ್ಲಿಗೇ ಮುಗಿಯದೆ ಮುಂದುವರಿದದ್ದರಿಂದ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ, ಅರ್ಜುನ ಪ್ರಶಸ್ತಿ ಎಲ್ಲ ಒದಗಿದವು.

ಎಲ್ಲ ಮಕ್ಕಳೂ ಅಲ್ಲಿಯವರೆಗೆ ಹೋಗುವುದಿಲ್ಲ, ಹೋಗಬೇಕೆಂದೂ ಇಲ್ಲ. ಬೆಳಿಗ್ಗೆ ಓಡಿ ಬಂದ ಹುಡುಗ ಹಸಿದು ಉಣ್ಣುತ್ತಾನೆ, ರಾತ್ರಿ ಬೇಗ ಮಲಗುತ್ತಾನೆ, ಮೊಬೈಲು ತಾನಾಗಿ ಬದಿಗೆ ಸರಿಯುತ್ತದೆ. ನನಗೆ ಇಷ್ಟೇ ದೊಡ್ಡ ಲಾಭವಾಗಿ ಕಾಣುತ್ತದೆ.

ಮೂಡುಬಿದಿರೆಯ ಸ್ವರಾಜ್ ಮೈದಾನದ ಸಿಂಥೆಟಿಕ್ ಟ್ರ್ಯಾಕ್ ಇಲ್ಲಿಂದ ಒಂದೇ ಬಸ್ಸಿನ ದಾರಿ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದದ್ದು ಮೂಡುಬಿದಿರೆಯಲ್ಲೇ. ದೊಡ್ಡ ಕೂಟ ನಡೆಯುವಾಗ ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ ಕೂರಿಸಿ. ಓಡಲಿಕ್ಕಲ್ಲ, ಬರೇ ನೋಡಲಿಕ್ಕೆ. ಈ ವರ್ಷ ಹತ್ತನೆಗೆ ಕಾಲಿಡುವ ಮಕ್ಕಳ ಮನೆಯವರು ಜೂನ್‌ನಲ್ಲೇ ಪಿ.ಟಿ. ಮಾಸ್ಟ್ರನ್ನು ಕಂಡು, ಓದಿಗೆ ತೊಂದರೆಯಾಗದಂತೆ ಅಭ್ಯಾಸಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆಯ ಕ್ರೀಡಾ ದತ್ತು ಯೋಜನೆ, ಸರಕಾರದ ಕ್ರೀಡಾ ವಸತಿನಿಲಯ ಇವುಗಳ ಬಗ್ಗೆಯೂ ಅವರಲ್ಲೇ ವಿಚಾರಿಸಿ. ವಲಯ ಮಟ್ಟದಿಂದ ಸಿಕ್ಕಿದ ಸರ್ಟಿಫಿಕೇಟುಗಳನ್ನೆಲ್ಲ ಒಂದು ಫೈಲಿಗೆ ಹಾಕಿಡಿ, ಕಾಲೇಜು ಸೇರುವಾಗ ಬೇಕಾಗುತ್ತವೆ.